ಐವರು ವೈದ್ಯರು ಚೀನಾಕ್ಕೆ ಹೋದರು, ಕೊಟ್ನಿಸ್ ಮಾತ್ರ ಮರಳಲಿಲ್ಲ

ಎಂಬಿಬಿಎಸ್ ಮುಗಿದಿತ್ತು, ಸ್ನಾತಕೋತ್ತರ ಪದವಿಗೆ ಸಿದ್ಧತೆ ನಡೆದಿತ್ತು. ಇನ್ನೆರಡು ವರ್ಷ ಓದಿದರೆ ಮುಂಬೈಯಲ್ಲೇ ಒಳ್ಳೆಯ ಪ್ರಾಕ್ಟೀಸ್. ಆದರೆ 28ರ ಹೊಸ್ತಿಲಲ್ಲಿದ್ದ ಡಾ. ದ್ವಾರಕಾನಾಥ ಕೊಟ್ನಿಸ್ ಪುಸ್ತಕ ಮಡಚಿಟ್ಟು ಯುದ್ಧ ನಡೆಯುತ್ತಿದ್ದ ದೇಶಕ್ಕೆ ಹಡಗು ಹತ್ತಿದರು.

ಕೊಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಮರಾಠಿಯ ಜೊತೆಗೆ ಕನ್ನಡವೂ ಬೀದಿಬೀದಿಯಲ್ಲಿ ಕೇಳಿಸುವ, ನಮ್ಮ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರದ ಊರದು. ವೈದ್ಯಕೀಯ ಓದಿದ್ದು ಮುಂಬೈಯ ಪರೇಲಿನಲ್ಲಿರುವ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. ಇಂದಿಗೂ ಅಲ್ಲಿನ ಕೆಇಎಂ ಆಸ್ಪತ್ರೆಯ ಮುಂದೆ ಹಾದುಹೋಗುವ ಎಷ್ಟು ಮುಂಬೈ ಕನ್ನಡಿಗರಿಗೆ ಇದು ಗೊತ್ತಿದೆಯೋ!

1937ರಲ್ಲಿ ಜಪಾನ್ ಚೀನಾದ ಮೇಲೆ ದಾಳಿ ಮಾಡಿತ್ತು. ವೈದ್ಯರನ್ನು ಕಳಿಸಿಕೊಡಿ ಎಂದು ಚೀನಾದ ಸೇನಾನಿ ಝು ದೆ ಅವರಿಂದ ಜವಾಹರಲಾಲ್ ನೆಹರೂ ಅವರಿಗೆ ಕೋರಿಕೆ ಬಂತು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರಿಗೆ ಮನವಿ ಮಾಡಿದರು, ಹಣ ಕೂಡಿತು. 1938ರ ಸೆಪ್ಟೆಂಬರಿನಲ್ಲಿ ಅಟಲ್, ಚೋಳ್ಕರ್, ಮುಖರ್ಜಿ, ಬಸು ಮತ್ತು ಕೊಟ್ನಿಸ್, ಹೀಗೆ ಐವರು ವೈದ್ಯರ ತಂಡ ಮುಂಬೈಯಿಂದ ಹೊರಟಿತು. ತಾನೇ ಪರಾಧೀನವಾಗಿದ್ದ ದೇಶ ಇನ್ನೊಂದು ದೇಶದ ಗಾಯಕ್ಕೆ ಮದ್ದು ಕಳಿಸಿದ್ದು ಸಣ್ಣ ಸಂಗತಿಯೇನಲ್ಲ.

1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ತಲುಪಿತು. ಅಲ್ಲಿ ಗುಡ್ಡ ಕೊರೆದ ಗುಹೆಗಳೇ ಮನೆ. ಔಷಧಿಗೆ ಸದಾ ತತ್ವಾರ. ಮುಂದೆ ಉತ್ತರ ಚೀನಾದ ಯುದ್ಧರಂಗಕ್ಕೆ ಹೋದ ಮೇಲಂತೂ ಆಸ್ಪತ್ರೆಯೇ ಸೈನ್ಯದ ಜೊತೆ ಹಳ್ಳಿಯಿಂದ ಹಳ್ಳಿಗೆ ಸಾಗಬೇಕಿತ್ತು. 1940ರ ಕಾಳಗವೊಂದರಲ್ಲಿ ಕೊಟ್ನಿಸ್ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂಬ ಮಾತು ಚೀನಾದಲ್ಲಿ ಇಂದಿಗೂ ಉಳಿದಿದೆ.

ತಂಡದ ಉಳಿದವರು ಒಬ್ಬೊಬ್ಬರಾಗಿ ಭಾರತಕ್ಕೆ ಮರಳಿದರು. ಅದರಲ್ಲಿ ತಪ್ಪೇನಿಲ್ಲ, ಅವರೂ ತಮ್ಮ ಪಾಲಿನ ಕೆಲಸ ಮಾಡಿಯೇ ಮರಳಿದ್ದರು. ಇತ್ತ ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದರೂ ಕೊಟ್ನಿಸ್ ಅಲ್ಲೇ ಉಳಿದರು.

ಅವರ ಸಾಹಸ, ಪ್ರೇಮದ ಕಥೆ ಎಲ್ಲರ ಬಾಯಲ್ಲಿದೆ. ಮರೆತುಹೋಗಿರುವುದು ಅವರೊಳಗಿನ ಮೇಷ್ಟ್ರು. ಕೆನಡಾದ ಪ್ರಸಿದ್ಧ ಸರ್ಜನ್ ನಾರ್ಮನ್ ಬೆಥೂನ್ ಅದೇ ರಣರಂಗದಲ್ಲಿ ದುಡಿಯುತ್ತ, 1939ರ ನವೆಂಬರಿನಲ್ಲಿ ರಕ್ತಕ್ಕೆ ನಂಜೇರಿ ತೀರಿಕೊಂಡಿದ್ದರು. ಅವರ ಹೆಸರಿನ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೊಟ್ನಿಸ್ ನಿರ್ದೇಶಕರಾದರು. ಅಷ್ಟರಲ್ಲಿ ಚೀನೀ ಭಾಷೆ ಕಲಿತಾಗಿತ್ತು. ಆ ಭಾಷೆಯಲ್ಲೇ ಹಳ್ಳಿಯ ಹುಡುಗರಿಗೆ ಸರ್ಜರಿ ಪಾಠ ಹೇಳಿದರು, ಅವರಿಗಾಗಿ ಪಠ್ಯ ಬರೆಯಲು ಕೂತರು. ತನ್ನ ಸ್ನಾತಕೋತ್ತರ ಓದನ್ನು ಅರ್ಧಕ್ಕೇ ಬಿಟ್ಟು ಬಂದವನು ಇನ್ನೊಬ್ಬರನ್ನು ವೈದ್ಯರನ್ನಾಗಿ ಮಾಡುತ್ತಿದ್ದ! ಒಬ್ಬ ಸರ್ಜನ್ ಎಷ್ಟು ಗಾಯ ಹೊಲಿದಾನು? ಕಲಿಸಿಟ್ಟರೆ ಅವನಿಲ್ಲದಾಗಲೂ ಕೆಲಸ ಸಾಗುತ್ತದೆ. ಕೆಲವೇ ವಾರಗಳ ತರಬೇತಿಗೆಂದು ಪರದೇಶಕ್ಕೆ ಹಾರುವ ಇಂದಿನ ಕಿರಿಯ ವೈದ್ಯರಿಗೆ ಕೊಟ್ನಿಸ್ ಅವರ ಕಥೆಯಲ್ಲಿ ಬೇಕಾದ ಭಾಗ ಇದೇ ಇರಬೇಕು.

1941ರ ಕೊನೆಯಲ್ಲಿ ಅಲ್ಲಿನ ನರ್ಸಿಂಗ್ ಶಿಕ್ಷಕಿ ಗುವೋ ಚಿಂಗ್‌ಲಾನ್ ಅವರೊಡನೆ ಮದುವೆ. ಮರುವರ್ಷ ಆಗಸ್ಟಿನಲ್ಲಿ ಗಂಡುಮಗು. ಹೆಸರು ಇನ್‌ಹುವಾ, ಇನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಆ ಹೊತ್ತಿಗೆ ಮೂರ್ಛೆರೋಗ ಕೊಟ್ನಿಸ್ ಅವರನ್ನು ಪದೇ ಪದೇ ಕಾಡುತ್ತಿತ್ತು. ರೋಗಿಯಾಗಿದ್ದರೆ ವಿಶ್ರಾಂತಿ ಪಡೆ ಎಂದು ಅವರೇ ಗದರುತ್ತಿದ್ದರೇನೋ, ತಮ್ಮ ವಿಷಯದಲ್ಲಿ ಮಾತ್ರ ಆ ಬುದ್ಧಿ ಬರಲಿಲ್ಲ. ಸರ್ಜರಿ ಪಠ್ಯದ ಕೆಲಸ ಇನ್ನೂ ಬಾಕಿಯಿತ್ತು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ, ಮೂರ್ಛೆ ಮರುಕಳಿಸಿ ಅವರು ತೀರಿಕೊಂಡರು. ಮಗುವಿಗಿನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

1946ರಲ್ಲಿ ವಿ. ಶಾಂತಾರಾಂ 'ಡಾ. ಕೊಟ್ನಿಸ್ ಕಿ ಅಮರ್ ಕಹಾನಿ' ಚಿತ್ರ ತೆಗೆದು, ತಾವೇ ಕೊಟ್ನಿಸ್ ಆಗಿ ನಟಿಸಿದರು. ಅಪ್ಪನ ದಾರಿ ಹಿಡಿದು ವೈದ್ಯಕೀಯ ಓದುತ್ತಿದ್ದ ಇನ್‌ಹುವಾ, ಪದವಿ ಕೈಗೆ ಬರುವ ಮುನ್ನವೇ 1967ರಲ್ಲಿ ಕಣ್ಮುಚ್ಚಿದ. ಗುವೋ 2012ರವರೆಗೆ ಬದುಕಿದ್ದರು. ಚೀನಾದ ಶಿಜಿಯಾಝುವಾಂಗ್ ನಗರದಲ್ಲಿ ಕೊಟ್ನಿಸ್ ಹೆಸರಿನದೇ ಒಂದು ವೈದ್ಯಕೀಯ ಶಾಲೆಯಿದೆ. ಅಲ್ಲಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳು ಸೊಲ್ಲಾಪುರದ ಈ ಡಾಕ್ಟರ ಪ್ರತಿಮೆಯ ಮುಂದೆ ನಿಂತು ಪ್ರತಿಜ್ಞೆ ಸ್ವೀಕರಿಸುತ್ತಾರೆ.