ಕುದುರೆ ಏರಿ ಊರು ನೋಡಿದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ಬಸ್ತಿಹಳ್ಳಿ: ರಸ್ತೆಗೆ ಕಾಂಕ್ರೀಟ್ ಹಾಕಿದ ಮೇಲೆ ಮಳೆ ನೀರು ಅಂಗಡಿ ಬಾಗಿಲಿಗೇ ನುಗ್ಗಿದ್ರೆ ಅದು ಸಿಮೆಂಟಿನ ತಪ್ಪಲ್ಲ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಯಾರೂ ನೋಡಿರಲ್ಲ, ಅಷ್ಟೆ. ಬಳಸೋ ಜನರನ್ನು ನೋಡಿ, ಆಮೇಲೆ ಕೆಲಸ ಶುರು ಮಾಡೋದಕ್ಕೆ ಈಗ ಡಿಸೈನ್ ಅಂತಾರೆ. ಆ ಮಾತು ಕಚೇರಿಗಳಿಗೆ ಬರೋದಕ್ಕೂ ಎಷ್ಟೋ ವರ್ಷ ಮೊದಲೇ ಮೈಸೂರು ಸಂಸ್ಥಾನದ ಒಬ್ಬ ದಿವಾನರು ಆ ದಾರಿ ಹಿಡಿದಿದ್ದರು. ಹಾಸನ ಜಿಲ್ಲೆಯೂ ಆಗ ಅವರ ಆಡಳಿತದಲ್ಲೇ ಇತ್ತು.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದ್ದೇ. ಮಿರ್ಜಾ ಅವರು ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ ಪೊಲೀಸ್ ಇಲಾಖೆಗೆ ಸೇರಿದರು. ಅಲ್ಲಿಂದ ಅರಮನೆ ಕಚೇರಿಗೆ ಬಂದು, 1926ರಲ್ಲಿ ದಿವಾನರಾದರು. 1941ರವರೆಗೆ, ಅಂದ್ರೆ 15 ವರ್ಷ, ಆ ಕುರ್ಚಿಯಲ್ಲಿದ್ದರು.

ಕುರ್ಚಿ ಅಂದ್ರೂ ಅವರು ಅದರಲ್ಲೇ ಕೂತವರಲ್ಲ. ಬೆಳಗ್ಗೆ ಕುದುರೆ ಏರಿ ಊರು ಸುತ್ತೋದು ಅವರ ರೂಢಿ. ಫೈಲಿನಲ್ಲಿ ಕಾಣದ್ದು ಬೀದಿಯಲ್ಲಿ ಕಾಣುತ್ತೆ. ವೃತ್ತ, ಉದ್ಯಾನ, ಕಾರಂಜಿ, ಸಾಲುಮರ ಇವೆಲ್ಲ ಅವರಿಗೆ ಬರೀ ಅಲಂಕಾರ ಆಗಿರಲಿಲ್ಲ. ಊರು ಚೆನ್ನಾಗಿದ್ರೆ ಅಲ್ಲಿರೋ ಜನರೂ ಅದನ್ನು ಜೋಪಾನ ಮಾಡ್ತಾರೆ ಅನ್ನೋದು ಅವರ ನಂಬಿಕೆ.

ಕಣ್ಣಿಗೆ ಕಾಣದ ಕೆಲಸವೂ ನಡೆಯಿತು. ಬೆಂಗಳೂರಿನ ಕುಡಿಯುವ ನೀರಿಗೆ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಸಿದ್ಧವಾಯಿತು. ಪುರಭವನ ಎದ್ದದ್ದೂ ಅದೇ ದಶಕದಲ್ಲಿ. ಕನ್ನಂಬಾಡಿ ಅಣೆಕಟ್ಟೆ ಕೆಳಗೆ ಬೃಂದಾವನ ಉದ್ಯಾನ ಮಾಡಿಸಿದ್ದು ಅವರೇ. ಅದರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರ ಕೈ ಇತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಗಿದ್ದೂ ಇವರ ಕಾಲದಲ್ಲೇ. ಹಿಟ್ಲರನ ಜರ್ಮನಿ ಬಿಟ್ಟು ಹೊರಬಂದಿದ್ದ ಆಟ್ಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿಗೆ 1939ರಲ್ಲಿ ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಬಿಸಿಲು, ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ನೋಡಿ ಕಟ್ಟಡ ಕಟ್ಟೋದನ್ನ ಅವರು ಇಲ್ಲೇ ಬೆಳೆಸಿಕೊಂಡು, ಮುಂದೆ ಲಂಡನ್ನಿನಲ್ಲಿ ಅದನ್ನೇ ಪಾಠ ಮಾಡಿದರು.

ಇಷ್ಟೇ ಹೇಳಿ ನಿಲ್ಲಿಸಿದ್ರೆ ಕಥೆ ಅರ್ಧ ಆಗುತ್ತೆ.

ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ತಾಲ್ಲೂಕುಗಳಿಂದ ರೈತರು, ವ್ಯಾಪಾರಿಗಳು ದಸರಾ ಸಮಯಕ್ಕೆ ಮೈಸೂರಿಗೆ ಹೋಗಿ ತಮ್ಮ ಊರಿನ ಅಹವಾಲು ದಿವಾನರ ಮುಂದೆ ಇಡಬಹುದಿತ್ತು. ಆದರೆ ಕೇಳೋ ಹಕ್ಕಷ್ಟೇ ಜನರದ್ದು, ತೀರ್ಮಾನ ದಿವಾನರದ್ದು. ತೀರ್ಮಾನದಲ್ಲೂ ಪಾಲು ಬೇಕು, ಜವಾಬ್ದಾರಿ ಸರ್ಕಾರ ಬೇಕು ಅಂತ ಕಾಂಗ್ರೆಸ್ ಹೋರಾಟಕ್ಕೆ ಇಳಿದಾಗ ಮಿರ್ಜಾ ಒಪ್ಪಲಿಲ್ಲ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸೋ ವಿಷಯಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಸತ್ತವರೆಷ್ಟು ಅನ್ನೋದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಕಾಂಗ್ರೆಸ್ಸಿನ ಲೆಕ್ಕವೇ ಬೇರೆ. ಸರ್ದಾರ್ ಪಟೇಲ್ ಮೈಸೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ ಧ್ವಜದ ವಿಷಯ ಒಂದು ಹಂತಕ್ಕೆ ಬಂತು. ಬೀದಿಯ ಕಸ ಕಂಡ ಕಣ್ಣಿಗೆ ಬೀದಿಯ ಸಿಟ್ಟು ಸರಿಯಾಗಿ ಕಾಣಲಿಲ್ಲ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. ಆಮೇಲೆ ಜೈಪುರದ ಪ್ರಧಾನಿಯಾದರು. ಅಲ್ಲಿನ ದೊಡ್ಡ ವ್ಯಾಪಾರದ ಬೀದಿಯನ್ನು ಅಂಗಡಿಯವರು ಇವತ್ತಿಗೂ ಎಂ.ಐ. ರೋಡ್ ಅಂತಾರೆ. ಕೆಲಕಾಲ ಹೈದರಾಬಾದಿನಲ್ಲೂ ಇದ್ದು, 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಇದು ಬಸ್ತಿಹಳ್ಳಿಗೆ ಯಾಕೆ ಬೇಕು ಅಂದ್ರೆ, 2023ರಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಬಸ್ತಿಹಳ್ಳಿಯ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಅಲ್ಲಿಂದ ನಡೆದು ಬರುವಷ್ಟು ಹತ್ತಿರ. ಪ್ರವಾಸಿಗರ ಹೆಸರಲ್ಲಿ ರಸ್ತೆ, ಪಾರ್ಕಿಂಗ್, ಶೌಚಾಲಯ ಅಂತ ಯೋಜನೆಗಳು ಬಂದಾಗ ಎರಡು ಕೆಲಸ ಆಗಬೇಕು. ನಕ್ಷೆ ಬರೆಯೋರು ಮಿರ್ಜಾ ಅವರ ಹಾಗೆ ಬೆಳಗ್ಗೆ ಬಂದು ನೋಡಬೇಕು: ಹಾಲಿನ ಕ್ಯಾನ್ ಹಿಡಿದೋರು ಯಾವ ದಾರೀಲಿ ಬರ್ತಾರೆ, ಶಾಲೆ ಮಕ್ಕಳು ಎಲ್ಲಿ ರಸ್ತೆ ದಾಟ್ತಾರೆ, ಎಳನೀರಿನ ಗಾಡಿ ಎಲ್ಲಿ ನಿಲ್ಲುತ್ತೆ ಅಂತ. ಎರಡನೇದು, ಮಿರ್ಜಾ ಮಾಡದೇ ಉಳಿದದ್ದು. ನೋಡಿದ ಮೇಲೆ ಜನರನ್ನು ಕೇಳಬೇಕು, ತೀರ್ಮಾನದಲ್ಲಿ ಅವರಿಗೂ ಪಾಲು ಕೊಡಬೇಕು.

ಹಳ್ಳಿಗಳಲ್ಲಿ ಅದಕ್ಕೆ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನೇ ಹೇಳುತ್ತೆ. ಅಂಗಡಿಯವರು ಅರ್ಧ ದಿನ ಬಾಗಿಲು ಹಾಕಿಯಾದರೂ ಹೋಗಿ ಕೂತರೆ, ಮಳೆಗಾಲ ಬಂದಾಗ ಮೆಟ್ಟಿಲ ಮೇಲಿನ ಕೆಸರು ಬಾಚೋ ಕೆಲಸ ಉಳಿಯುತ್ತೆ.