ಸರ್ ಎಂ.ವಿ. ಮತ್ತು ನಮ್ಮೂರಿನ ರೈಲು ದಾರಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ನಮ್ಮ ಗಣಿತ ಮೇಷ್ಟ್ರು ಫೋನ್ ಮಾಡಿದಾಗ ನಾನು ಬೆಂಗಳೂರಿನಿಂದ ಊರಿಗೆ ಬರುವ ರೈಲಿನಲ್ಲಿದ್ದೆ. ಬೀರೂರು, ತರೀಕೆರೆ ದಾಟಿ ಗಾಡಿ ಭದ್ರಾವತಿಯ ಕಡೆ ಬರುತ್ತಿತ್ತು. ಸಾಫ್ಟ್‌ವೇರ್ ಬಿಟ್ಟರೆ ನನಗೇನು ಗೊತ್ತು ಎಂದು ಯೋಚಿಸುತ್ತಾ ಕಿಟಕಿಯಿಂದ ನೋಡಿದರೆ ಕಾರ್ಖಾನೆಯ ಚಿಮಣಿಗಳು ಕಂಡವು. ಆಗಲೇ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಲು ತೀರ್ಮಾನಿಸಿದೆ.

ನಮ್ಮ ಶಾಲೆಯಲ್ಲಿ ಸೆಪ್ಟೆಂಬರ್ 15ರಂದು ಮೈಸೂರು ಪೇಟ ತೊಟ್ಟ ಆ ಭಾವಚಿತ್ರಕ್ಕೆ ಹಾರ ಹಾಕುತ್ತಿದ್ದೆವು. ಎಂಟನೇ ತರಗತಿಯಲ್ಲಿ ನಾನೂ ಅವರ ಮೇಲೆ ಭಾಷಣ ಮಾಡಿದ್ದೆ. ಬೀದಿ ದೀಪ ಮತ್ತು ಕನ್ನಂಬಾಡಿ ಕಟ್ಟೆ, ಇವೆರಡೇ ನನ್ನ ಭಾಷಣದಲ್ಲಿದ್ದವು. ಅವರು ನಮ್ಮೂರಿಗೆ ಎಷ್ಟು ಹತ್ತಿರದವರು ಎಂಬುದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಓದುತ್ತಾ ಓದುತ್ತಾ ತಿಳಿಯಿತು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಹುಡುಗರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಕಳಿಸಿತು. ಅಲ್ಲಿ ಇಂಜಿನಿಯರಿಂಗ್‌ನಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ತತ್ತರಿಸಿದಾಗ ಆ ನಗರವನ್ನು ಉಳಿಸುವ ಯೋಜನೆ ಹಾಕಿಕೊಟ್ಟರು. 1909ರಲ್ಲಿ ಮೈಸೂರು ಸಂಸ್ಥಾನಕ್ಕೆ ಚೀಫ್ ಇಂಜಿನಿಯರ್ ಆಗಿ ಬಂದರು. ರೈಲ್ವೆಯ ಹೊಣೆಯೂ ಅವರ ಮೇಲೇ ಇತ್ತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

ನಮ್ಮ ಜಿಲ್ಲೆಗೆ ರೈಲು ಅದಕ್ಕೂ ಮೊದಲೇ ಬಂದಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ ಬಿದ್ದದ್ದು 1899ರಲ್ಲಿ. ದಾರಿಯಲ್ಲಿ ಬೆಂಕಿಪುರ ಎಂಬ ಸಣ್ಣ ಊರಿತ್ತು. ಅದೇ ಇಂದಿನ ಭದ್ರಾವತಿ. ಆ ಕಾಲದಲ್ಲಿ ಮುಖ್ಯ ರೈಲು ದಾರಿಗಳನ್ನು ಹೊರಗಿನ ಕಂಪನಿ ನಡೆಸುತ್ತಿತ್ತು. ಸಂಸ್ಥಾನ ತನ್ನ ಹಳಿಗಳನ್ನು ತಾನೇ ಕಟ್ಟಿಕೊಳ್ಳಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹೋಗುವ ದಾರಿ ಅವರ ಕಾಲದ ಕೆಲಸ. ಮೈಸೂರಿಗೆ ಸಮುದ್ರತೀರ ಇಲ್ಲದ ಕೊರತೆ ಅವರನ್ನು ಬಹಳ ಕಾಡಿತ್ತು. ಭಟ್ಕಳದಲ್ಲಿ ಬಂದರು ಆಗಬೇಕು, ಅಲ್ಲಿಗೆ ಒಳನಾಡಿನಿಂದ ರೈಲು ಹೋಗಬೇಕು ಎಂದು ಪ್ರಯತ್ನಪಟ್ಟರು. ಭಟ್ಕಳ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಕನಸು ಕೈಗೂಡಲಿಲ್ಲ. ನಮ್ಮ ಮಲೆನಾಡಿನ ರೈಲು 1940ರಲ್ಲಿ ತಾಳಗುಪ್ಪ ಮುಟ್ಟಿ ಅಲ್ಲೇ ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ.

ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆ ಏಕೆ ಬಂತು? ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಸುತ್ತ ಕಾಡಿತ್ತು, ಭದ್ರಾ ನದಿಯ ನೀರಿತ್ತು, ರೈಲು ಹಳಿಯೂ ಇತ್ತು. ಕಲ್ಲಿದ್ದಲು ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಸೌದೆ ಸುಟ್ಟ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಯೋಜನೆ ಮಾಡಿದರು. ಅದಿರು ಬೆಟ್ಟದಿಂದ ರೋಪ್‌ವೇ ತೊಟ್ಟಿಲಲ್ಲಿ ಇಳಿದು, ಟ್ರಾಮ್ ಹಳಿಯ ಮೇಲೆ ಕಾರ್ಖಾನೆಗೆ ಬರುತ್ತಿತ್ತು. ತಯಾರಾದ ಕಬ್ಬಿಣ ರೈಲು ಹತ್ತಿ ಹೊರಗೆ ಹೋಗುತ್ತಿತ್ತು. ನಾವು ಕಂಪ್ಯೂಟರ್‌ನಲ್ಲಿ ಒಂದು ವ್ಯವಸ್ಥೆ ಕಟ್ಟುವಾಗ ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ ಎಂದು ಮೊದಲು ಚಿತ್ರ ಬರೆದುಕೊಳ್ಳುತ್ತೇವೆ. ಅವರು ಆ ಲೆಕ್ಕವನ್ನು ಕಾಡು, ಬೆಟ್ಟ, ಹೊಳೆಗಳ ನಡುವೆ ಹಾಕಿದ್ದರು.

ಆದರೆ ಎಲ್ಲವೂ ಸಲೀಸಾಗಿ ಆಗಲಿಲ್ಲ. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಕಾರ್ಖಾನೆ ಕಬ್ಬಿಣ ತಯಾರಿಸಲು ಶುರುಮಾಡಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಖರ್ಚು ಅಂದಾಜನ್ನು ಮೀರಿತ್ತು. ಸಂಸ್ಥಾನದ ಹಣವನ್ನು ಕಾಡಿನಲ್ಲಿ ಸುರಿದರು ಎಂಬ ಟೀಕೆ ಬಂತು. ಅಧಿಕಾರ ಬಿಟ್ಟವರು ಅದು ತಮ್ಮ ಕಾಲದ ಮಾತಲ್ಲ ಎಂದು ದೂರ ಉಳಿಯಬಹುದಿತ್ತು. ಅವರು ಹಾಗೆ ಮಾಡದೆ, ಅರವತ್ತು ದಾಟಿದ ವಯಸ್ಸಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಕಾರ್ಖಾನೆಯನ್ನು ದಡ ಹತ್ತಿಸಲು ದುಡಿದರು. ಅದಕ್ಕೆ ಸಿಗಬೇಕಾಗಿದ್ದ ಸಂಭಾವನೆಯ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಆ ಸಂಸ್ಥೆಗೆ ತಮ್ಮ ಹೆಸರಿಡಲು ಒಪ್ಪದೆ ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು.

ತೊಂಬತ್ತು ದಾಟಿದ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಬಿಹಾರದಲ್ಲಿ ಗಂಗಾ ನದಿಗೆ ರೈಲು ಸೇತುವೆ ಎಲ್ಲಿ ಕಟ್ಟಬೇಕು ಎಂಬ ಜಗಳ ಎದ್ದಾಗ, ಅದನ್ನು ತೀರ್ಮಾನಿಸಲು ಕೇಂದ್ರ ಸರ್ಕಾರ ಅವರನ್ನೇ ಕೇಳಿತು. ಮೊಕಾಮಾದಲ್ಲಿ ಆ ಸೇತುವೆ 1959ರಲ್ಲಿ ಸಿದ್ಧವಾಯಿತು. 1955ರಲ್ಲಿ ಭಾರತ ರತ್ನ ಬಂದಿತ್ತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಭದ್ರಾವತಿಯ ಕಾರ್ಖಾನೆಗೆ ಮುಂದೆ ಅವರ ಹೆಸರೇ ಬಂತು. ಅದರ ಜೊತೆಗೆ ಸಿಮೆಂಟು, ಕಾಗದ ಕಾರ್ಖಾನೆಗಳು ಬಂದವು. ನಾನು ಶಾಲೆಗೆ ಬರುತ್ತಿದ್ದ ದಿನಗಳಲ್ಲಿ ಪಾಳಿ ಮುಗಿಸಿದವರ ಸೈಕಲ್ಲುಗಳು ಸಾಲುಸಾಲಾಗಿ ಎದುರಾಗುತ್ತಿದ್ದವು. ಇಂದು ಆ ಸಾಲಿಲ್ಲ. ಉತ್ಪಾದನೆ ಆರಂಭವಾಗಿ ಸರಿಯಾಗಿ ನೂರು ವರ್ಷವಾದ 2023ರ ಜನವರಿಯಲ್ಲಿಯೇ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂತು, ಕಾರ್ಮಿಕರು ಬೀದಿಗಿಳಿದರು. ಮರುತಿಂಗಳು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಊರಿಗೆ ದಾರಿಗಳು ಹೆಚ್ಚಾದವು, ಊರಿನಲ್ಲಿ ಕೆಲಸ ಕಡಿಮೆಯಾಯಿತು.

ನಾನೂ ಹೊರಟುಹೋದವರಲ್ಲಿ ಒಬ್ಬ. ಅದಕ್ಕೆ ನಾಚಿಕೆಯೇನೂ ಇಲ್ಲ, ಆ ಕೆಲಸದಿಂದಲೇ ನಮ್ಮ ಮನೆ ನಡೆಯುತ್ತಿದೆ. ಆದರೆ ವಿಶ್ವೇಶ್ವರಯ್ಯನವರ ಬದುಕನ್ನು ಓದಿದ ಮೇಲೆ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಅವರ ಲೆಕ್ಕದಲ್ಲಿ ರೈಲು ನಮ್ಮೂರಿನ ಸರಕನ್ನು ಹೊರಗೆ ಒಯ್ದು ಕೆಲಸವನ್ನು ಊರಿನಲ್ಲೇ ಉಳಿಸಬೇಕಿತ್ತು. ಈಗ ಅದೇ ರೈಲು ಭಾನುವಾರ ರಾತ್ರಿ ನಮ್ಮ ಹುಡುಗ ಹುಡುಗಿಯರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ.

ಹಳೆಯ ವಿದ್ಯಾರ್ಥಿಗಳಾದ ನಾವು ಕಾರ್ಖಾನೆ ಕಟ್ಟಲಾರೆವು. ಆದರೆ ನಮ್ಮ ಶಾಲೆಯ ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಕೆಮ್ಮಣ್ಣುಗುಂಡಿಗೆ ಕರೆದೊಯ್ದು ಅದಿರು ಎಲ್ಲಿಂದ ಹೇಗೆ ಬಂತು ಎಂದು ತೋರಿಸಬಹುದು. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇರುವವರು ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು ಕಂಪ್ಯೂಟರ್ ಕಲಿಸಬಹುದು. ಮೊದಲ ಶನಿವಾರಕ್ಕೆ ನಾನು ಬರುತ್ತೇನೆ ಎಂದು ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ. ಎರಡನೆಯದಕ್ಕೆ ನಿಮ್ಮಲ್ಲಿ ಯಾರಾದರೂ ಮುಂದೆ ಬನ್ನಿ.