ವೈದ್ಯ ಕನ್ಯಾಸ್ತ್ರೀ ಮೇರಿ ಗ್ಲೌರಿ

ಭಾರತದ ಕಥೋಲಿಕ ಆಸ್ಪತ್ರೆಗಳ ಚರಿತ್ರೆಯಲ್ಲಿ ಭಗಿನಿ ಡಾ. ಮೇರಿ ಗ್ಲೌರಿಯವರ ಹೆಸರು ಚಿರಸ್ಮರಣೀಯವಾದುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ೧೮೮೭ರ ಜೂನ್ ೨೩ರಂದು ಜನಿಸಿದ ಇವರು, ಸ್ತ್ರೀಯರು ವೈದ್ಯರಾಗುವುದೇ ವಿರಳವಾಗಿದ್ದ ಕಾಲದಲ್ಲಿ, ೧೯೧೦ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿಯನ್ನು ಪಡೆದರು. ನಗರದ ಆಸ್ಪತ್ರೆಗಳಲ್ಲಿ ಹುದ್ದೆ, ಸ್ವಂತ ಚಿಕಿತ್ಸಾಲಯ, ಸಮಾಜದಲ್ಲಿ ಗೌರವ ಎಲ್ಲವೂ ಅವರಿಗೆ ದೊರೆತಿದ್ದವು.

೧೯೧೫ರಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಡಾ. ಆಗ್ನೆಸ್ ಮೆಕ್ಲಾರೆನ್‌ರವರನ್ನು ಕುರಿತ ಕಿರುಹೊತ್ತಗೆಯೊಂದು ಅವರ ಕೈಸೇರಿತು. ಭಾರತದ ಅನೇಕ ಸ್ತ್ರೀಯರು ಪುರುಷ ವೈದ್ಯರೆದುರು ಬರಲಾಗದೆ, ಮಹಿಳಾ ವೈದ್ಯರೂ ದೊರೆಯದೆ, ಹೆರಿಗೆಯಲ್ಲಿಯೂ ಕಾಯಿಲೆಯಲ್ಲಿಯೂ ಅಸುನೀಗುತ್ತಿದ್ದರೆಂಬುದನ್ನು ತಿಳಿದು ಅವರ ಮನ ಕಲಕಿತು. ಆ ತಾಯಂದಿರ ಪ್ರಾಣವನ್ನು ಕಳೆದುದು ರೋಗವೊಂದೇ ಅಲ್ಲ. ಹೆಣ್ಣೆಂಬ ಕಟ್ಟುಪಾಡು ಹಾಗೂ ಬಡತನಗಳೂ ಅದರೊಡನೆ ಕೈಜೋಡಿಸಿದ್ದವು. ತಮಗೆ ಲಭಿಸಿದ ವಿದ್ಯೆಯಲ್ಲಿ ಆ ಸ್ತ್ರೀಯರ ಪಾಲೂ ಇದೆಯೆಂಬುದನ್ನು ಅವರು ಬದುಕಿನಿಂದಲೇ ತೋರಿದರು.

೧೯೨೦ರ ಫೆಬ್ರವರಿಯಲ್ಲಿ ಅವರು ಆಂಧ್ರದ ಗುಂಟೂರಿಗೆ ಬಂದು, ಯೇಸು ಮರಿಯ ಜೋಸೆಫರ ಕನ್ಯಾಸ್ತ್ರೀ ಸಭೆಯನ್ನು ಸೇರಿದರು. ಧರ್ಮಸಭೆಯ ಅಂದಿನ ನಿಯಮದಂತೆ ಕನ್ಯಾಸ್ತ್ರೀಯರು ವೈದ್ಯವೃತ್ತಿಯನ್ನು ನಡೆಸುವಂತಿರಲಿಲ್ಲ. ಪೋಪ್ ೧೫ನೇ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ಆ ಬಾಗಿಲು ಅವರಿಗೆ ತೆರೆಯಿತು. ಇತರ ಭಗಿನಿಯರಿಗೆ ಆ ನಿರ್ಬಂಧವು ಸಡಿಲವಾದುದು ೧೯೩೬ರಲ್ಲಿ.

ಅವರ ಚಿಕ್ಕ ಔಷಧಾಲಯವು ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ಆದರೆ ಒಬ್ಬ ವೈದ್ಯೆಯಿಂದ ಎಷ್ಟು ಮಂದಿಯ ಕಣ್ಣೀರನ್ನು ಒರೆಸಲಾದೀತು? ಆದುದರಿಂದ ಅವರು ಸ್ಥಳೀಯ ಯುವತಿಯರನ್ನೇ ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ, ಔಷಧ ತಯಾರಿಸುವವರನ್ನಾಗಿ ಪಳಗಿಸಿದರು. ಕೊಡುವ ಕೈ ಹೊರಗಿನದೇ ಆಗಿದ್ದರೆ ಪಡೆಯುವವರು ಎಂದೆಂದಿಗೂ ಪಡೆಯುವವರಾಗಿಯೇ ಉಳಿಯುವರು. ಹಳ್ಳಿಯ ಹೆಣ್ಣುಮಗಳು ತಾನೇ ಔಷಧ ಕೊಡುವವಳಾದಾಗ ಮಾತ್ರ ಸಹಾಯವು ಸಖ್ಯವಾಗುವುದು.

೧೯೪೩ರಲ್ಲಿ ಅವರ ಮುಂದಾಳುತನದಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವು ಸ್ಥಾಪನೆಯಾಯಿತು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಹಂಬಲವಾಗಿತ್ತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಕ್ಯಾನ್ಸರ್ ವ್ಯಾಧಿಯಿಂದ ನರಳಿ, ೧೯೫೭ರ ಮೇ ೫ರಂದು ಅವರು ಬೆಂಗಳೂರಿನಲ್ಲಿಯೇ ಪ್ರಭುವಿನ ಸನ್ನಿಧಿಯನ್ನು ಸೇರಿದರು. ಆರು ವರ್ಷಗಳ ತರುವಾಯ, ೧೯೬೩ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ೨೦೧೩ರಲ್ಲಿ ಧರ್ಮಸಭೆಯು ಅವರನ್ನು ದೇವರ ಸೇವಕಿಯೆಂದು ಗೌರವಿಸಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮನೆಗಳಲ್ಲಿ ಕನ್ನಡದೊಡನೆ ತೆಲುಗೂ ಕೇಳಿಬರುತ್ತದೆ. ಒಂದು ದಿನದ ಕೂಲಿ ತಪ್ಪೀತೆಂದು ನೋವನ್ನು ನುಂಗಿ ರೇಷ್ಮೆ ನೂಲು ತೆಗೆಯುವ ತಾಯಿ ನಮ್ಮ ನೆರೆಯಲ್ಲಿಯೇ ಇರಬಹುದು. ಓದುಬರಹ ಬಲ್ಲ ನಾವು ಆಕೆಯೊಡನೆ ಆಸ್ಪತ್ರೆಯವರೆಗೆ ನಡೆದು, ಆಕೆಯ ಪರವಾಗಿ ಮಾತನಾಡುವ ಬದಲು ಆಕೆಯ ಮಾತನ್ನೇ ವೈದ್ಯರು ಕೇಳುವಂತೆ ಮಾಡಿದರೆ, ಈ ಪುಣ್ಯಜೀವಿಯ ಸ್ಮರಣೆ ಸಾರ್ಥಕವಾದೀತು.